ಕೊಕ್ಕೆಯ ಎತ್ತರ ಮತ್ತು ದೊಡ್ಡಮ್ಮ

ಇಂದು ಬೆಳಿಗ್ಗೆ ನೆರೆಮನೆಯ ಅಂಗಳದಿಂದ ಕಬ್ಬಿಣ ಕೊರೆಯುವ ಸದ್ದು ಕೇಳಿಬಂತು. ಇಣುಕಿದರೆ, ನೆರೆಯ ರಾಯರು ತಮ್ಮ ಜೀಪಿನ ಹಿಂಬದಿಗೆ ಟ್ರೈಲರ್ ಎಳೆಯುವ ಕೊಕ್ಕೆಯನ್ನು ಕೂರಿಸುವ ಸಿದ್ಧತೆಯಲ್ಲಿದ್ದರು. ಓದುಗ ಮಿತ್ರರೇ, ಆ ಸದ್ದು ನನ್ನನ್ನು ನೇರವಾಗಿ ಶಿರ್ತಾಡಿಯ ದೊಡ್ಡಮ್ಮನ ಅಂಗಳಕ್ಕೆ ಒಯ್ದು ನಿಲ್ಲಿಸಿತು.

ಆಗ ನಾನು ಹೊಸ ಮಾಸ್ತರ. ಅಳೆಯದ ಯಾವುದನ್ನೂ ನಂಬದವನು. ದೊಡ್ಡಮ್ಮನ ಮಗ ಶೀನಣ್ಣ ಮಿಲಿಟರಿಯವರು ಮಾರಿದ ಹಳೆಯ ಜೀಪನ್ನೂ ಒಂದು ಪುಟ್ಟ ಟ್ರೈಲರನ್ನೂ ಕೊಂಡಿದ್ದ. ಎರಡನ್ನೂ ಜೋಡಿಸುವ ಕೊಕ್ಕೆ ಮಾತ್ರ ಇರಲಿಲ್ಲ. ಬೆಳ್ತಂಗಡಿಯಲ್ಲಿ ಅವನ ತಂಗಿ ಸುಮತಿ ಹೆತ್ತು ಮೂರು ತಿಂಗಳಾಗಿತ್ತು. ಮನೆಯ ಮಕ್ಕಳೆಲ್ಲ ಮಲಗಿ ಬೆಳೆದ ತೇಗದ ತೊಟ್ಟಿಲು ಅಲ್ಲಿಗೆ ಹೋಗಬೇಕಿತ್ತು. ಅದಕ್ಕಿಂತ ಮುಖ್ಯವಾಗಿ, ದೊಡ್ಡಮ್ಮ ಹೋಗಬೇಕಿತ್ತು. ಆದರೆ ಒಮ್ಮೆ ಮೂಡುಬಿದಿರೆಯಿಂದ ಬಂಟ್ವಾಳದವರೆಗೂ ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ಮೇಲೆ ಅವರು ಯಾವ ಮೋಟಾರನ್ನೂ ಹತ್ತಿರಲಿಲ್ಲ.

"ಮಗುವನ್ನು ನೋಡುವ ಆಸೆ ಉಂಟು. ಆದರೆ ಆ ಡಬ್ಬಿಯಲ್ಲಿ ಕೂತು ನಾನು ಬರುವುದಿಲ್ಲ" ಎಂದು, ಮಗುವಿಗಾಗಿ ಹರಿದಿಟ್ಟ ಮೆತ್ತನೆಯ ಹಳೆ ಸೀರೆಗಳನ್ನು ಮತ್ತೊಮ್ಮೆ ಮಡಚಿಡುತ್ತಿದ್ದರು.

ಕೊಕ್ಕೆಯ ಎತ್ತರವನ್ನು ನಾನು ಮೂರು ಬಾರಿ ಅಳೆದು, ಪುಸ್ತಕದಲ್ಲಿ ಬರೆದು, ಅಡಿಗೆರೆಯನ್ನೂ ಎಳೆದೆ. ಕಮ್ಮಾರ ಅಣ್ಣಿ ಆಚಾರಿ ಅದೇ ಪ್ರಕಾರ ಕೊರೆದು ಬೋಲ್ಟು ಬಿಗಿದ. ಟ್ರೈಲರಿಗೆ ತೊಟ್ಟಿಲನ್ನೇರಿಸಿ, ಪರೀಕ್ಷೆಗೆಂದು ನಮ್ಮ ಶಾಲೆಯ ಜವಾನನೂ ಸೇರಿ ನಾಲ್ವರು ಜೀಪಿನ ಹಿಂದಿನ ಸೀಟುಗಳಲ್ಲಿ ಕೂತದ್ದೇ ತಡ, ಜೀಪಿನ ಹಿಂಬದಿ ಕುಸಿಯಿತು. ಟ್ರೈಲರ್ ಮೂತಿ ತಗ್ಗಿಸಿತು. ತೊಟ್ಟಿಲು ಮುಂದಕ್ಕೆ ಜಾರಿತು.

"ಮಾಷ್ಟ್ರೇ, ನಿಮ್ಮ ಲೆಕ್ಕ ಸರಿ ಉಂಟು," ಎಂದ ಆಚಾರಿ. "ಆದರೆ ಖಾಲಿ ಜೀಪು ಬೆಳ್ತಂಗಡಿಗೆ ಯಾಕೆ ಹೋಗ್ತದೆ?"

ಹೋಗುವಷ್ಟು ಜನರ ಭಾರ ಇರುವಾಗಲೇ ಅಳೆದು, ಹೊಸ ತೂತು ಕೊರೆಯಬೇಕೆಂದಾಯಿತು. ನಾನೇನೋ ಅಂದು ರಜೆ ಹಾಕಿದ್ದೆ, ಆದರೆ ಶಾಲೆಯ ಗಂಟೆ ಬಾರಿಸಬೇಕಾದ ಜವಾನ ಇಳಿದು ಓಡಿದ್ದರಿಂದ ಒಬ್ಬರ ಭಾರ ಕಡಿಮೆಯಾಯಿತು.

"ಅವನ ಬದಲು ಒಂದು ಅಕ್ಕಿಮುಡಿ ಇಡುವ" ಎಂದೆ, ಹುಲ್ಲು ಸುತ್ತಿ ಕಟ್ಟಿಟ್ಟ ಅಕ್ಕಿಯ ಮೂಟೆಗಳತ್ತ ಕೈ ತೋರಿಸಿ.

"ಮುಡಿಗೆ ಮೊಮ್ಮಕ್ಕಳಿಲ್ಲ ಮಾರಾಯ್ರೆ," ಎಂದು ಗೊಣಗಿದ ಆಚಾರಿ, ಜಗಲಿಯತ್ತ ತಿರುಗಿದ. "ದೊಡ್ಡಮ್ಮಾ, ಭಾರಕ್ಕೆ ಒಮ್ಮೆ ಕೂತುಬಿಡಿ. ಹೆದರಬೇಡಿ, ಚಾವಿ ನನ್ನ ಸೊಂಟದಲ್ಲಿ ಉಂಟು."

ದೊಡ್ಡಮ್ಮ ಚಾವಿಯನ್ನು ಕಣ್ಣಾರೆ ಕಂಡ ಬಳಿಕವೇ ಹತ್ತಿದರು. ಮೊದಲು ಕಂಬಿಯನ್ನು ಬಿಗಿಯಾಗಿ ಹಿಡಿದರು. ಸ್ವಲ್ಪ ಹೊತ್ತಿಗೆ ಕೈಬಿಟ್ಟು ಎಲೆಯಡಿಕೆ ತರಿಸಿದರು. ಆಮೇಲೆ ಎದುರಿಗೆ ಕೂತ ನೆರೆಮನೆಯ ಅಕ್ಕಮ್ಮನೊಂದಿಗೆ ಊರ ಸುದ್ದಿಗೆ ತೊಡಗಿದರು. ಆಚಾರಿ ಎರಡು ತೂತು ಕೊರೆಯಲು ಒಂದು ಗಂಟೆ ತೆಗೆದುಕೊಂಡ. ಅವನ ಕೈ ಅಷ್ಟು ನಿಧಾನವಾಗಿ ಆಡಿದ್ದನ್ನು ನಾನೆಂದೂ ಕಂಡಿರಲಿಲ್ಲ.

"ಆಯಿತು, ಇಳಿಯಿರಿ ದೊಡ್ಡಮ್ಮ."

"ಎಂಥದ್ದು ಇಳಿಯುವುದು? ಈಗ ತಾನೆ ಸೊಂಟ ಸರಿಯಾಗಿ ಕೂತಿದೆ," ಎಂದರು ದೊಡ್ಡಮ್ಮ. "ಶೀನಾ, ಆ ಸೀರೆಯ ಗಂಟು ತಾ. ಹೀಗೇ ಹೋಗುವ. ಜೋರು ಬಿಟ್ಟರೆ ಮಾತ್ರ ನಿನ್ನ ಕಿವಿ ಹಿಂಡ್ತೇನೆ!"

ಆಚಾರಿ ಸೊಂಟದ ಚಾವಿ ತೆಗೆದು ಶೀನಣ್ಣನ ಕೈಗಿತ್ತ, ನಾನೂ ಹತ್ತಿ ಕೂತೆ. ಬೆಳ್ತಂಗಡಿಯಲ್ಲಿ ಸುಮತಿ ಮಗುವನ್ನೆತ್ತಿಕೊಂಡೇ ಅಂಗಳಕ್ಕೆ ಓಡಿಬಂದಳು. ದೊಡ್ಡಮ್ಮ ಕೂತಲ್ಲಿಂದಲೇ ಎರಡೂ ಕೈ ಚಾಚಿದರು. ಇಡೀ ದಿನ ಯಾರೊಬ್ಬರೂ ಕೊಕ್ಕೆಯತ್ತ ತಿರುಗಿ ನೋಡಲಿಲ್ಲ, ನಾನೂ ನೋಡಲಿಲ್ಲ.

ಇತ್ತ ರಾಯರು ಖಾಲಿ ಜೀಪಿನ ಹಿಂದೆ ಬಾಗಿ, ಬಹು ಶ್ರದ್ಧೆಯಿಂದ ಅಡಿಕೋಲು ಹಿಡಿದಿದ್ದರು. ಹಿಂದಿನ ನಾನಾಗಿದ್ದರೆ ಬೇಲಿಯಾಚೆಯಿಂದಲೇ ಅವರ ತಪ್ಪನ್ನು ತಿದ್ದುತ್ತಿದ್ದೆ. ಇಂದು ಚಪ್ಪಲಿ ಮೆಟ್ಟಿ ಹೊರಟೆ. "ರಾಯರೇ, ಸ್ವಲ್ಪ ನಿಲ್ಲಿ. ನಾನು ಹತ್ತಿ ಕೂರ್ತೇನೆ. ನಿಮ್ಮ ತಾಯಿಯವರನ್ನೂ ಕರೆಯಿರಿ."