ಗಂಟಲಿಗೆ ಟ್ಯೂಬ್ ಇಳಿಯುವ ಮುಂಚೆ

ಎರಡು ವರ್ಷದ ಹಿಂದಿನ ಮಾತು. ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದು ವಿಶಾಖಪಟ್ಟಣದ ಒಂದು ಮಿಷನ್ ಆಸ್ಪತ್ರೆಗೆ ಚಾಪ್ಲಿನ್ ಆಗಿ ಸೇರಿ ನನಗಿನ್ನೂ ಎರಡನೇ ವಾರ. ಚಾಪ್ಲಿನ್ ಎಂದರೆ ರೋಗಿಗಳ ಬಳಿ ಕೂತು ಅವರ ಮಾತು ಕೇಳಿ, ಬೇಕೆಂದವರಿಗೆ ಪ್ರಾರ್ಥನೆ ಮಾಡುವ ಕೆಲಸ. ಗದಗಿನವಳಾದ ನಾನು ವರ್ಗಾವಣೆಯ ಮೇಲೆ ಬಂದು ಇಲ್ಲೇ ಉಳಿದವಳು. ವಿಜಯವಾಡದಲ್ಲಿ ಒಂದು ಸಣ್ಣ ತರಬೇತಿ ಆಗಿತ್ತು, ಅಷ್ಟೆ. ನಾಲ್ಕು ಜನರೆದುರು ಪ್ರಾರ್ಥಿಸಲು ಹೋದರೆ ನಾಲಿಗೆ ಒಣಗುತ್ತಿತ್ತು. ಹಿರಿಯ ಚಾಪ್ಲಿನ್ ರಜೆಯ ಮೇಲಿದ್ದರು. ಅವರು ಬರುವವರೆಗೆ ದೊಡ್ಡ ಕೇಸು ಬಾರದಿರಲಿ ಎಂದು ದೇವರನ್ನು ಬೇಡಿಕೊಂಡಿದ್ದೆ. ಬಂದೇ ಬಿಟ್ಟಿತು.

ಅಚ್ಯುತಾಪುರಂ ಕಡೆಯ ಕಾರ್ಖಾನೆಯೊಂದರಲ್ಲಿ ಸಾಲ್ವೆಂಟ್ ಎನ್ನುವ ರಾಸಾಯನಿಕ ದ್ರವಕ್ಕೆ ಬೆಂಕಿ ತಗುಲಿ ಸಮುವೇಲ ಎಂಬ ಆಪರೇಟರ್‌ನ ಮೈ ಎಂಬತ್ತು ಪ್ರತಿಶತ ಸುಟ್ಟಿತ್ತು. ಇಂಥ ಕೇಸಿನ ಒಂದು ಕ್ರೌರ್ಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಸುಟ್ಟದ್ದು ಆಳವಾದಷ್ಟೂ ನರಗಳ ತುದಿ ಸತ್ತು ನೋವು ಕಡಿಮೆಯಾಗುತ್ತದೆ. ಮೊದಲ ದಿನ ತಲೆ ತಿಳಿಯಾಗಿರುತ್ತದೆ. ರೋಗಿ ನೀರು ಕೇಳುತ್ತಾನೆ, ನರ್ಸುಗಳನ್ನು ರೇಗಿಸುತ್ತಾನೆ. ಮನೆಯವರು ಗಂಡಾಂತರ ಕಳೆಯಿತು ಎಂದುಕೊಳ್ಳುತ್ತಾರೆ.

ಸಮುವೇಲನ ಹೆಂಡತಿ ಸುಗುಣಳೂ ಹಾಗೆಯೇ ಅಂದುಕೊಂಡಳು. ಬದುಕುವುದು ಕಷ್ಟ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಆದರೆ ಅವರ ಪ್ರಾರ್ಥನಾ ಗುಂಪಿನ ಹಿರಿಯರೊಬ್ಬರು ಬಂದು, "ಡಾಕ್ಟರ್ ರಿಪೋರ್ಟ್ ಬೇರೆ, ದೇವರ ರಿಪೋರ್ಟ್ ಬೇರೆ" ಎಂದು ಅದನ್ನು ತಳ್ಳಿಹಾಕಿದರು. ಆ ಗುಂಪಿನಲ್ಲಿ ಒಂದು ಪದ್ಧತಿ ಇತ್ತು: ಗುಣವಾಗಲಿ ಎಂದು ಕೇಳುವಾಗ "ನಿನ್ನ ಚಿತ್ತದಂತಾಗಲಿ" ಎನ್ನಬಾರದು. ಅದು ಸಂಶಯದ ಮಾತು, ಸಂಶಯ ಬಾಯಿಂದ ಹೊರಬಿದ್ದರೆ ಸ್ವಸ್ಥತೆ ನಿಂತುಹೋಗುತ್ತದೆ ಎಂದು ಅವರ ನಂಬಿಕೆ. ವಿಜಯವಾಡದ ಹಾಸ್ಟೆಲಿನಲ್ಲಿದ್ದ ಒಬ್ಬಳೇ ಮಗಳು ಪ್ರೇಮಾಳಿಗೂ ಅವರು ಫೋನ್ ಮಾಡಿ, ಓಡಿ ಬಂದರೆ ಅದೂ ಅವಿಶ್ವಾಸವೇ, ನಿಶ್ಚಿಂತೆಯಿಂದ ಪರೀಕ್ಷೆ ಬರಿ ಎಂದಿದ್ದರು. ಆ ಮನುಷ್ಯನ ಬಳಿ ಎಲ್ಲಕ್ಕೂ ಉತ್ತರ ಸಿದ್ಧವಿತ್ತು. ನನಗೆ ಮೈಯೆಲ್ಲ ಉರಿಯಿತು, ಆದರೂ ಹೊಸಬಳೆಂದು ಸುಮ್ಮನಿದ್ದೆ.

ಮರುದಿನ ಬೆಳಿಗ್ಗೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಗಂಟಲು ಊದಿಕೊಳ್ತಾ ಇದೆ. ಇನ್ನು ಸ್ವಲ್ಪ ಹೊತ್ತಿಗೆ ಉಸಿರಾಡೋಕೆ ಟ್ಯೂಬ್ ಹಾಕಲೇಬೇಕು. ಆಮೇಲೆ ಮಾತಿಲ್ಲ. ಮತ್ತೆ ಅದನ್ನು ತೆಗೆಯುವ ಸಂದರ್ಭ ಬರುತ್ತೆ ಅಂತ ನನಗನ್ನಿಸಲ್ಲ."

ನಾನು ಗೌನು, ಮಾಸ್ಕು ಹಾಕಿ ಒಳಗೆ ಹೋದೆ. ಹಾಸಿಗೆಯ ಆಚೆ ಸುಗುಣ ಮತ್ತು ಆ ಹಿರಿಯರು ಜೋರಾಗಿ ಸ್ತುತಿಸುತ್ತಿದ್ದರು. ಸಮುವೇಲನ ತಾಯಿ ಬಳ್ಳಾರಿಯವಳು; ನಾನು ಗದಗಿನವಳೆಂದು ಅವನಿಗೆ ಹಿಂದಿನ ದಿನವೇ ತಿಳಿದಿತ್ತು. ಅವನು ನನ್ನತ್ತ ಹೊರಳಿ ಕನ್ನಡದಲ್ಲಿ ಕೇಳಿದ, "ಅಕ್ಕಾ, ಇವರಿಗೆ ಕನ್ನಡ ತಿಳಿಯಲ್ಲ. ನಿಜ ಹೇಳ್ರಿ. ನಾನು ಉಳೀತೀನೇನ್ರಿ?"

ತರಬೇತಿಯಲ್ಲಿ ಕಲಿತದ್ದೆಲ್ಲ ಆವಿಯಾಯಿತು. "ಡಾಕ್ಟರಿಗೆ ಭರವಸೆ ಇಲ್ಲೋ ತಮ್ಮಾ" ಎಂದೆ. "ಈಗ ಟ್ಯೂಬ್ ಹಾಕ್ತಾರ. ಆಮ್ಯಾಲ ಮಾತಾಡಾಕ ಬರೂದಿಲ್ಲ. ಯಾರ ಜೋಡಿ ಮಾತಾಡೂದೈತಿ, ಈಗ ಮಾತಾಡು."

ಅವನು ಅಳಲಿಲ್ಲ. "ಪ್ರೇಮಾಗ ಫೋನ್ ಹಚ್ರಿ" ಎಂದ.

ಹಚ್ಚಿದೆ. ಪರದೆಯಲ್ಲಿ ಹುಡುಗಿಯ ಮುಖ ಬಂತು. ಅವನು ತೆಲುಗಿನಲ್ಲಿ, ನಾನು ಹೊರಟೆ ಚಿನ್ನೀ, ಅಮ್ಮನನ್ನು ನೋಡಿಕೋ ಎಂದ. ಸುಗುಣ ಚೀರಿದಳು. ಹಿರಿಯರು ಸ್ತುತಿ ನಿಲ್ಲಿಸಿ ನನ್ನನ್ನು ದುರುಗುಟ್ಟಿ ನೋಡಿದರು. ಆ ಕಡೆಯಿಂದ ಮಗಳು ತೆಲುಗಿನಲ್ಲೇ ಅಪ್ಪನನ್ನು ಕೂಗುತ್ತಾ, "ಬೇಡ ನಾನ್ನಾ, ಹಾಗನ್ನಬೇಡ! ನೀನು ಹಾಗಂದರೆ ದೇವರು ಗುಣ ಮಾಡಲ್ಲ!" ಎಂದು ಫೋನ್ ಕತ್ತರಿಸಿದಳು.

"ಇನ್ನೊಮ್ಮೆ ಹಚ್ರಿ" ಎಂದ. ಹಚ್ಚಿದೆ. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಹಚ್ಚುವಷ್ಟರಲ್ಲಿ ಅರಿವಳಿಕೆಯ ಡಾಕ್ಟರು ಬಂದು ನನ್ನನ್ನು ಆಚೆ ಸರಿಸಿದರು. ಟ್ಯೂಬ್ ಇಳಿಯಿತು. ಎರಡು ದಿನಕ್ಕೆ ಸಮುವೇಲ ಸತ್ತ.

"ನಿಮ್ಮ ಬಾಯಿಂದ ಆ ಮಾತು ಬರೋತನಕ ನನ್ನ ಗಂಡ ಬದುಕಿದ್ದ" ಎಂದಳು ಸುಗುಣ, ಕಾರಿಡಾರಿನಲ್ಲಿ, ಎಲ್ಲರೆದುರು. ಹಿರಿಯರು ಆಡಳಿತಕ್ಕೆ ದೂರು ಕೊಟ್ಟರು. ಅವನ ಸಮಾಧಿಯ ಆರಾಧನೆಗೆ ನಾನು ಹೋದರೆ, ಆ ಹಿರಿಯರು ಅವಿಶ್ವಾಸಿಯೊಬ್ಬಳು ಹಾಸಿಗೆಯ ಬಳಿ ಬಂದ ಕಥೆಯನ್ನು ಉಪದೇಶದಲ್ಲಿಯೇ ಸೇರಿಸಿದರು. ನನಗೆ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಎದ್ದು ಹೋಗಲಿಲ್ಲ, ಮುಗಿಯುವವರೆಗೂ ಕೂತೆ.

ಹೊರಗೆ ಗೇಟಿನ ಬಳಿ ಪ್ರೇಮಾ ನನ್ನನ್ನು ತಡೆದಳು. "ಆಂಟಿ, ನಾನು ಫೋನ್ ಇಟ್ಟ ಮೇಲೆ ನಾನ್ನ ಏನಂದರು?"

ಒಂದು ಸುಳ್ಳು ಹೇಳಬಹುದಿತ್ತು. ನಿನಗೆ ಆಶೀರ್ವಾದ ಹೇಳಿದ ಎಂದಿದ್ದರೆ ಯಾರು ಕೇಳುತ್ತಿದ್ದರು? ಆದರೆ ಅವಳಿಗೆ ಆವರೆಗೆ ಸಿಕ್ಕಿದ್ದೆಲ್ಲ ಸಿಹಿ ಸುಳ್ಳೇ.

"ಇನ್ನೊಮ್ಮೆ ಹಚ್ಚು ಅಂದ. ಹಚ್ಚಿದೆ. ನೀನು ಎತ್ತಲಿಲ್ಲ."

"ಆಗ ನಾನು ಮೊಣಕಾಲೂರಿ ನಾನ್ನನಿಗೋಸ್ಕರ ಪ್ರಾರ್ಥನೆ ಮಾಡ್ತಿದ್ದೆ" ಎಂದಳು.

ಅವಳ ಪಕ್ಕದಲ್ಲಿ ನಿಂತೆ, ಅವಳು ಹೋಗು ಎನ್ನುವವರೆಗೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಏನು ಹೇಳಬೇಕೆಂದು ಗೊತ್ತಿಲ್ಲದೆ ದೇವರ ಸೇವೆಗೆ ಹೋಗಬಹುದು, ತಪ್ಪಿಲ್ಲ. ಎಲ್ಲ ಗೊತ್ತಿದೆ ಎಂದುಕೊಂಡು ಹೋಗಬಾರದು.