ಚೆಂಬೂರಿನ ಜಟಕಾ

ಸಯನ್ನಿನ ನಮ್ಮ ಬಿಲ್ಡಿಂಗಿನ ಕನ್ನಡಿಗರ ಕೈಬರಹದ ಪತ್ರಿಕೆಗೆ ತಪ್ಪದೆ ಕತೆ ಕೊಡುವವರೆಂದರೆ ವೆಂಕಟಸುಬ್ಬಯ್ಯನವರು. ಹಳೇ ವಾರಪತ್ರಿಕೆಯ ಕತೆಯನ್ನು ಮುದ್ದಾಗಿ ನಕಲು ಮಾಡಿ, ಮೈಸೂರು ಇದ್ದಲ್ಲೆಲ್ಲ ಚೆಂಬೂರು, ಮನೆ ಇದ್ದಲ್ಲೆಲ್ಲ ಮೂರನೇ ಮಹಡಿ ಅಂತ ಬರೆದರೆ ಅವರ ಕತೆ ತಯಾರು. ಹಾಗಾಗಿ ಲೋಕಲ್ ರೈಲು ಓಡುವ ಚೆಂಬೂರಿನಲ್ಲಿ ಅವರ ಜಟಕಾ ಓಡುತ್ತದೆ, ಮೂರನೇ ಮಹಡಿಯ ಹಿತ್ತಲಲ್ಲಿ ನಾಯಕಿ ಮಲ್ಲಿಗೆ ಬಿಡಿಸುತ್ತಾಳೆ. ಕೇಳಿದರೆ, "ಊರು ನಮ್ದೇ ಅಲ್ವೇನ್ರೀ?" ಎನ್ನುತ್ತಾರೆ. ಸಂಪಾದಕನಾದ ನಾನು ಈ ಸಲ ಬಿಡಬಾರದೆಂದು ಮೂಲ ಕತೆ ಹುಡುಕಿ, ಕೆಂಪು ಪೆನ್ನು ಹಿಡಿದು ಕೂತೆ. ಒಂದಕ್ಷರವೂ ಬಿಡದೆ ಅದೇ ಕತೆ. ಕೊನೆ ಮಾತ್ರ ಬೇರೆ. ಅಲ್ಲಿ ನಾಯಕಿ ಆಸ್ಪತ್ರೆಯಲ್ಲೇ ತೀರಿಕೊಳ್ಳುತ್ತಾಳೆ, ಇವರದರಲ್ಲಿ ಮೆಟ್ಟಿಲು ಹತ್ತಿ ಬಂದು, "ಕಾಫಿ ಆಯ್ತೇನ್ರೀ?" ಅಂತ ಕೇಳುತ್ತಾಳೆ. ಹೋದ ಶ್ರಾವಣದಲ್ಲಿ ಆಸ್ಪತ್ರೆಗೆ ಸೇರಿದ ಅವರ ಹೆಂಡತಿ ರಮಾಮಣಿಯಮ್ಮ ಮನೆಗೆ ಮರಳಲೇ ಇಲ್ಲ. ನಾನು ಕೆಂಪು ಪೆನ್ನು ಮುಚ್ಚಿಟ್ಟು, ಕತೆಯ ಕೆಳಗೆ ಲೇಖಕರೆಂದು ವೆಂಕಟಸುಬ್ಬಯ್ಯನವರ ಹೆಸರನ್ನು ದಪ್ಪಗೆ ಬರೆದೆ.