ಬನ್ನಿನ ಜ್ವರ

ಗೆಳೆಯರೇ, ನಾನು ಆರೋಗ್ಯವಾಗಿದ್ದೇನೆ. ಇವತ್ತು ಮಾಡಿದ ತಪ್ಪು ಒಂದೇ, ಮನೆಯಲ್ಲಿ ಬನ್ ಮಾಡಿದ್ದು. ಈಸ್ಟ್ ಹಾಕಿ ನಾದಿದ ಮೈದಾ ಹಿಟ್ಟು ಒದ್ದೆ ಬಟ್ಟೆಯ ಕೆಳಗೆ ಎರಡರಷ್ಟು ಉಬ್ಬಿತ್ತು. ಉಂಡೆ ಕಟ್ಟಿ ಓವನ್ನಿಗಿಟ್ಟೆ. ಹತ್ತಿಯಂತೆ ಮೆತ್ತಗೆ ಬಂದವು. ಬೆಣ್ಣೆ ಸವರುತ್ತಿದ್ದಾಗ ಬೆಳಕವಾಡಿಯಿಂದ ಅವ್ವ ಬಂದಳು. ವಾಸನೆ ಹಿಡಿದು ಸೀದಾ ಅಡುಗೆಮನೆಗೆ ನುಗ್ಗಿದವಳು, ಚೀಲವನ್ನೂ ಕೆಳಗಿಡದೆ ನನ್ನ ಹಣೆ ಮುಟ್ಟಿದಳು.

"ಯಾವಾಗಿಂದ ಜರ ಮಗಾ?"

ಊರಲ್ಲಿ ನಮ್ಮ ಮನೆಗೆ ಬನ್ ಬರುತ್ತಿದ್ದುದೇ ಯಾರಿಗಾದರೂ ಜ್ವರ ಬಂದರೆ. ಅಪ್ಪ ಸೈಕಲ್ಲಿನಲ್ಲಿ ಮಳವಳ್ಳಿಗೆ ಹೋಗಿ, ಪೇಪರಿನಲ್ಲಿ ಸುತ್ತಿಸಿ ತರುತ್ತಿದ್ದ. ಆ ಆಸೆಗೆ ನಾನು ಎಷ್ಟೋ ಸಲ ಕಂಬಳಿ ಹೊದ್ದು ನರಳಿದ್ದೇನೆ. ಅವ್ವ ಹಣೆ ಮುಟ್ಟಿ, "ಅಯ್ಯೋ, ಸುಡ್ತಾ ಅದೆ" ಅನ್ನುತ್ತಿದ್ದಳು. ಚೆನ್ನಾಗಿ ಏಮಾರಿಸಿದೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

"ಜರ ಇಲ್ಲ ಕಣವ್ವ, ತಿನ್ನಕೆ ಅಂತ್ಲೇ ಮಾಡಿದ್ದು. ತಗೋ."

"ಗಟ್ಟಿಮುಟ್ಟಾಗಿರೋರು ಬನ್ ತಿಂದಾರಾ? ಸುಮ್ಕೆ ಮುದ್ದೆ ಮಾಡು ನಂಗೆ."

ಬೆಳಗಿನಿಂದ ಪಟ್ಟ ಪಾಡೆಲ್ಲ ನೆನೆದು ಸಿಟ್ಟು ಬಂತು. ಆದರೂ ಮುದ್ದೆ ಮಾಡಿದೆ. ಉಂಡಳು. ಉಣ್ಣುವಾಗ ಕಣ್ಣು ಮಾತ್ರ ಬನ್ನಿನ ತಟ್ಟೆಯ ಮೇಲೇ ಇತ್ತು.

ಮಧ್ಯಾಹ್ನ ನಡುಮನೆಯಲ್ಲಿ ಮಲಗಿದ್ದವಳು ಎರಡು ಸಲ ಕೆಮ್ಮಿದಳು. "ಯಾಕೋ ಮೈಯೆಲ್ಲ ಬೆಚ್ಚಗಾದಂಗದೆ ಕಣ್ ಮಗಾ."

ಹೋಗಿ ಹಣೆ ಮುಟ್ಟಿದೆ. ಮಡಕೆಯ ನೀರಿನಷ್ಟು ತಣ್ಣಗಿತ್ತು.

"ಅಯ್ಯೋ, ಸುಡ್ತಾ ಅದೆ" ಎಂದು ಎರಡು ಬನ್ ತಂದುಕೊಟ್ಟೆ.

ಈಗ ನಾಲ್ಕನೆಯದು ತಿನ್ನುತ್ತಿದ್ದಾಳೆ. ಜ್ವರ ಇನ್ನೂ ಇಳಿದಿಲ್ಲ.